ಜಯನಗರದ ನೆಲದಡಿಯ ನೀರು

ಲಾಲ್‌ಬಾಗಿನ ಹೆಬ್ಬಂಡೆಯನ್ನೇರಿ, ಕೆಂಪೇಗೌಡರ ಗೋಪುರದ ಬಳಿ ದಕ್ಷಿಣಾಭಿಮುಖವಾಗಿ ನಿಂತರೆ ಮುಂದೆ ಜಯನಗರ, ಅದರಾಚೆ ಜೆ.ಪಿ. ನಗರ, ಬಲಕ್ಕೆ ಬನಶಂಕರಿ. ಕಾಲಡಿಯ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುವರು. ಈ ಜಾತಿಯ ಶಿಲೆಯೇ ಆ ಬಡಾವಣೆಗಳ ಕೆಳಗೂ ಹಬ್ಬಿರುವುದು. ಗಟ್ಟಿಬಂಡೆಯ ಮೈಯಲ್ಲಿ ನೀರಿಗೆ ಎಡೆಯಿಲ್ಲ. ಮೇಲಿನ ಶಿಥಿಲವಾದ ಪದರದಲ್ಲಿಯೂ ಕೆಳಗಿನ ಸೀಳುಗಳಲ್ಲಿಯೂ ಮಾತ್ರ ಅದು ನಿಲ್ಲುವುದು. ಹಿಂದಿನವರ ತೆರೆದ ಬಾವಿಗಳು ಆ ಮೇಲ್ಪದರವನ್ನು ನಂಬಿದ್ದುವು. ಇಂದಿನ ಕೊಳವೆ ಬಾವಿಗಳು ಸಾವಿರ ಅಡಿಯಾಚೆಗೂ ಸೀಳುಗಳನ್ನರಸಿ ಹೋಗುತ್ತಿವೆ.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಅಧ್ಯಾಯವುಂಟು. ಭೂಗರ್ಭದ ಜಲಸಿರೆಗಳನ್ನು ಆತನು ದೇಹದ ಸಿರೆಗಳಿಗೆ ಹೋಲಿಸಿ, ಮಳೆಯ ನೀರಿಗೆ ರುಚಿಭೇದವು ನೆಲದ ಗುಣದಿಂದ ಬರುವುದೆನ್ನುವನು. ರುಚಿಯು ಬದಲಾದರೂ ನೀರಿನಲ್ಲಿ ಕುಲದ ಗುರುತು ಉಳಿಯುವುದೆಂಬುದು ಇಂದಿನ ಜಲವಿಜ್ಞಾನಿಗಳು ಕಂಡುಕೊಂಡ ಸಂಗತಿ. ಆಮ್ಲಜನಕದ ಪರಮಾಣುಗಳಲ್ಲಿ ಹಗುರವಾದುವೂ ಭಾರವಾದುವೂ ಇವೆ. ಜಾತಿಯೊಂದೇ, ತೂಕ ಬೇರೆ. ಇವಕ್ಕೆ ಐಸೊಟೋಪುಗಳೆಂದು ಹೆಸರು. ಕಾವೇರಿಯ ನೀರು ಕೃಷ್ಣರಾಜಸಾಗರದಂಥ ಜಲಾಶಯಗಳಲ್ಲಿ ಬಿಸಿಲಿಗೆ ಕಾಯುವಾಗ ಹಗುರವಾದುದು ಹೆಚ್ಚಾಗಿ ಆವಿಯಾಗಿ, ಉಳಿದುದರಲ್ಲಿ ಭಾರದ ಅಂಶವು ಬೆಳೆಯುವುದು. ಆದುದರಿಂದ ಬಾವಿಯ ನೀರು ನೇರವಾಗಿ ಇಂಗಿದ ಮಳೆಯದೋ, ಕೊಳಾಯಿಯಿಂದ ಸೋರಿದ ಕಾವೇರಿಯದೋ ಎಂಬುದನ್ನು ಅಳೆದು ಊಹಿಸಬಹುದು.

ಈ ಸೋರಿಕೆ ಅಲ್ಪವೆಂದೆಣಿಸಬೇಡಿರಿ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಶೇಖರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಗರದ ನಡುಭಾಗದಲ್ಲಿ ಅಂತರ್ಜಲವು ಮೇಲೆಯೂ ಹೊರಬಡಾವಣೆಗಳಲ್ಲಿ ಬಹಳ ಆಳದಲ್ಲಿಯೂ ಇದ್ದಿತು. ಸುಮಾರು ನೂರು ಕಿಲೋಮೀಟರು ದೂರದಿಂದ ಎತ್ತಿ ತಂದ ನೀರು ಸೋರಿ ನೆಲವನ್ನು ಸೇರುತ್ತಿರುವುದು ಅದಕ್ಕೊಂದು ಕಾರಣ. ಸೋರುವುದು ಕಾವೇರಿಯೊಂದೇ ಆಗಿದ್ದರೆ ಹೇಗೋ ಸಮಾಧಾನಪಡಬಹುದಿತ್ತು!

ಒಳಚರಂಡಿಯೂ ಸೋರುವುದಷ್ಟೆ. ಅದರೊಡನೆ ಇಳಿಯುವ ನೈಟ್ರೇಟೆಂಬ ಲವಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮಲಮೂತ್ರದಿಂದ ಬಂದುದೋ ರಾಸಾಯನಿಕ ಗೊಬ್ಬರದಿಂದಲೋ ಎಂಬುದಕ್ಕೆ ಅದರೊಳಗಿನ ಸಾರಜನಕದ ಐಸೊಟೋಪುಗಳೇ ಸುಳಿವು ಕೊಡುವುವು. ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವಿದೆ. ಮಿತಿಮೀರಿದರೆ, ಆರು ತಿಂಗಳೊಳಗಿನ ಶಿಶುವಿನ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಗುಂದಿ, ಮೈ ನೀಲಿಗಟ್ಟಿ ಪ್ರಾಣಕ್ಕೇ ಅಪಾಯವುಂಟಾಗಬಹುದು. ಗೃಹಿಣಿಯರು ಇಲ್ಲೊಂದು ಮಾತನ್ನು ಲಕ್ಷ್ಯದಲ್ಲಿಡಬೇಕು: ಕುದಿಸಿದರೆ ಕ್ರಿಮಿಗಳು ಸಾಯುವುವೇ ಹೊರತು ನೈಟ್ರೇಟು ಹೋಗದು, ನೀರು ಬತ್ತಿದಷ್ಟೂ ಅದು ಸಾಂದ್ರವಾಗುವುದು. ಮನೆಯ ಕೊಳವೆ ಬಾವಿಯ ನೀರನ್ನು ಮಳೆಗಾಲಕ್ಕೆ ಮುನ್ನ ಒಮ್ಮೆ, ಕಳೆದ ಮೇಲೊಮ್ಮೆ ಪರೀಕ್ಷೆಗೆ ಕೊಡತಕ್ಕದ್ದು. ಫಲ ತಿಳಿಯುವವರೆಗೆ ಮಗುವಿನ ಹಾಲಿನ ಪುಡಿಯನ್ನು ಕಲಸಲು ಆ ನೀರು ಬೇಡ.