ಬಿರುಕಿಗೂ ಒಂದು ಜಮಾ-ಖರ್ಚು

ನಮ್ಮ ಮೊಮ್ಮಗಳಿಗೆ ಈಗ ಒಡೆಯುವುದೇ ಕೆಲಸ. ಚಿಕ್ಕವಳಿದ್ದಾಗ ಗಾಜಿನ ಲೋಟ ಒಡೆದು ಬೈಸಿಕೊಂಡವಳು, ಈಗ ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ದಿನಕ್ಕೆ ನಾಲ್ಕಾರು ಕಪ್ಪು ಪಟ್ಟಿಗಳನ್ನು ಸೀಳಿ, ಹೇಗೆ ಸೀಳಿತು ಎಂದು ಬರೆದು ಅಂಕ ಗಳಿಸುತ್ತಾಳೆ. "ಒಡೆಯುವುದಕ್ಕೂ ಓದಬೇಕೇ?" ಎಂದು ಮನೆಯಲ್ಲಿ ಎಲ್ಲರೂ ನಕ್ಕರು. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವಿಜ್ಞಾನ ನನಗೆ ದೂರ. ಆದರೆ ಅವಳು ಬಿಡಿಸಿ ಹೇಳಿದಾಗ, ಅದರೊಳಗೆ ನನ್ನ ಹಳೆಯ ಲೆಡ್ಜರೇ ಕುಳಿತಿರುವಂತೆ ಕಂಡಿತು.

ಮೊದಲು ಆ ಪಟ್ಟಿ ಏನೆಂದು ಹೇಳುತ್ತೇನೆ. ಪ್ಲೈವುಡ್ ನೀವೆಲ್ಲ ನೋಡಿದ್ದೀರಿ. ಮರದ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಅದನ್ನು ಮಾಡುತ್ತಾರೆ. ಒಂದು ಹಾಳೆಯ ಎಳೆ ಉದ್ದಕ್ಕಿದ್ದರೆ ಮುಂದಿನದರ ಎಳೆ ಅಡ್ಡಕ್ಕೆ. ಮರ ಎಳೆಯ ಗುಂಟ ಸುಲಭವಾಗಿ ಸೀಳುತ್ತದೆ, ಎಳೆಗೆ ಅಡ್ಡವಾಗಿ ಸೀಳುವುದಿಲ್ಲ. ಹಾಗಾಗಿ ಪದರಗಳನ್ನು ಅಡ್ಡಡ್ಡ ಇಟ್ಟರೆ ಎರಡೂ ದಿಕ್ಕಿಗೆ ಬಲ ಬರುತ್ತದೆ.

ಇಂದಿನ ವಿಮಾನಗಳಿಗೂ ಇದೇ ಉಪಾಯ. ಮರದ ಬದಲು ಅಲ್ಲಿ ಕಾರ್ಬನ್ ಫೈಬರ್, ಅಂದರೆ ಇಂಗಾಲದ ಎಳೆ. ಅದರ ದಪ್ಪ ನಮ್ಮ ತಲೆಕೂದಲಿನ ಹತ್ತನೇ ಒಂದರಷ್ಟು. ಇಂತಹ ಎಳೆಗಳನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ ಹಾಳೆ ಮಾಡುತ್ತಾರೆ. ಸುಮಾರು ಎಂಟು ಹಾಳೆ ಪೇರಿಸಿದರೆ ಒಂದು ಮಿಲಿಮೀಟರ್ ದಪ್ಪ. ಬಿಸಿ ಮತ್ತು ಒತ್ತಡ ಕೊಟ್ಟು ಬೇಯಿಸಿದರೆ ಹಗುರವೂ ಗಟ್ಟಿಯೂ ಆದ ಫಲಕ ಸಿದ್ಧ. 2001ರ ಜನವರಿ 4ರಂದು ನಮ್ಮ ಬೆಂಗಳೂರಿನಲ್ಲೇ ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಭಾಗ ಇಂತಹ ಪದರದ ವಸ್ತುವೇ.

ಇಷ್ಟು ಗಟ್ಟಿಯಾದದ್ದಕ್ಕೂ ಒಂದು ದುರ್ಬಲ ಜಾಗವಿದೆ. ಅದು ಪದರ ಮತ್ತು ಪದರದ ನಡುವೆ. ಅಲ್ಲಿ ಎಳೆ ಇಲ್ಲ, ಬರೀ ಅಂಟು. ಲೋಹದ ಹಾಳೆಯ ಮೇಲೆ ಸ್ಪ್ಯಾನರ್ ಬಿದ್ದರೆ ಗುಳಿ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಈ ಫಲಕ ಮೇಲೆ ಏನೂ ಆಗದಂತೆ ನಯವಾಗಿಯೇ ಇದ್ದು, ಒಳಗೆ ಪದರ ಬಿಟ್ಟಿರಬಹುದು. ಅದಕ್ಕೇ ವಿಮಾನದ ಮೆಕ್ಯಾನಿಕ್‌ಗಳು ಫಲಕವನ್ನು ನಾಣ್ಯದಿಂದ ತಟ್ಟಿ ಕಿವಿಗೊಡುವುದುಂಟು. ಗಟ್ಟಿ ಇರುವ ಕಡೆ 'ಟಣ್' ಎನ್ನುತ್ತದೆ, ಪದರ ಬಿಟ್ಟ ಕಡೆ 'ಡಬ್' ಎನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿಯಂದಿರು ಬೆರಳಿನಿಂದ ತಟ್ಟಿ ನೋಡುವುದೂ ಇದೇ ವಿದ್ಯೆ.

ಇನ್ನು ಲೆಡ್ಜರಿನ ಮಾತು. ಬಿರುಕು ಯಾವಾಗ ಮುಂದೆ ಓಡುತ್ತದೆ, ಯಾವಾಗ ಸುಮ್ಮನೆ ಕೂರುತ್ತದೆ? ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ ಗಾಜನ್ನು ಒಡೆದು ಒಡೆದು ನೋಡಿ, 1921ರಲ್ಲಿ ಪ್ರಕಟವಾದ ಲೇಖನದಲ್ಲಿ ಉತ್ತರ ಕೊಟ್ಟರು. ಬಿರುಕು ಬೆಳೆಯಬೇಕಾದರೆ ಎರಡು ಹೊಸ ಮೈಗಳು ಹುಟ್ಟಬೇಕು. ಅದಕ್ಕೆ ಶಕ್ತಿ ಬೇಕು, ಅದು ಖರ್ಚು. ಎಳೆದಾಗ ಅಥವಾ ಬಗ್ಗಿಸಿದಾಗ ವಸ್ತುವಿನೊಳಗೆ ಕೂಡಿಕೊಂಡ ಶಕ್ತಿ ಬಿರುಕು ಬೆಳೆದಂತೆ ಬಿಡುಗಡೆಯಾಗುತ್ತದೆ, ಅದು ಜಮಾ. ಜಮಾ ಸಾಲದಿದ್ದರೆ ಬಿರುಕು ಒಂದು ಹೆಜ್ಜೆಯೂ ಇಡದು. ಸಾಕಷ್ಟಾದರೆ ಹೊರಟೇಬಿಡುತ್ತದೆ.

ಹಾಗಾದರೆ ಪದರಗಳ ನಡುವಿನ ಬಿರುಕಿನ ಖರ್ಚು ಎಷ್ಟು? ಅದನ್ನು ಅಳೆಯುವುದನ್ನು ನೋಡಲು ಮೊಮ್ಮಗಳು ನನ್ನನ್ನು ಪ್ರಯೋಗಾಲಯಕ್ಕೆ ಕರೆದೊಯ್ದಳು. ಮುಕ್ಕಾಲು ಗೇಣು ಉದ್ದ, ಹೆಬ್ಬೆರಳಷ್ಟು ಅಗಲದ ಪಟ್ಟಿ. ಮಾಡುವಾಗಲೇ ಒಂದು ತುದಿಯಲ್ಲಿ ನಡುಪದರಗಳ ಮಧ್ಯೆ ಅಂಟದ ತೆಳು ಹಾಳೆ ಇಟ್ಟಿರುತ್ತಾರೆ. ಬಿರುಕು ಶುರುವಾಗಲು ಅದೇ ಬಾಗಿಲು. ಆ ತುದಿಯ ಮೇಲೂ ಕೆಳಗೂ ಪುಟ್ಟ ಕೀಲುಗಳನ್ನು ಅಂಟಿಸಿ, ಯಂತ್ರ ಮೆಲ್ಲಗೆ ಎಳೆದು ಮೊಸಳೆಯ ಬಾಯಿಯಂತೆ ತೆರೆಯುತ್ತದೆ. ಕಪ್ಪು ಪಟ್ಟಿಯಲ್ಲಿ ಬಿರುಕು ಕಾಣುವುದಿಲ್ಲವಲ್ಲ, ಅದಕ್ಕೆ ಪಟ್ಟಿಯ ಅಂಚಿಗೆ ಬಿಳಿ ಬಳಿದು ಮಿಲಿಮೀಟರ್ ಗೆರೆ ಹಾಕಿದ್ದಳು. ಯಾವ ಬಿಳಿ ಗೊತ್ತೇ? ನಮ್ಮ ಬ್ಯಾಂಕಿನಲ್ಲಿ ಟೈಪಿಸ್ಟರ ಮೇಜಿನ ಮೇಲಿರುತ್ತಿದ್ದ ಅಳಿಸುವ ದ್ರವ!

ಎಷ್ಟು ಬಲ, ಎಷ್ಟು ತೆರೆಯಿತು, ಬಿರುಕು ಎಷ್ಟು ದೂರ ಹೋಯಿತು, ಈ ಮೂರನ್ನು ಬರೆದುಕೊಂಡರೆ ಖರ್ಚು ಸಿಗುತ್ತದೆ. ಅವಳಿಗೆ ಮೊದಲು ಸಿಕ್ಕಿದ್ದು ಚದರ ಮೀಟರಿಗೆ ಸುಮಾರು 200 ಜೌಲ್. ಅಂದರೆ 20 ಕಿಲೋ ಅಕ್ಕಿ ಮೂಟೆಯನ್ನು ಒಂದು ಮೀಟರ್ ಮೇಲೆತ್ತುವಷ್ಟು ಶ್ರಮ. ಅಷ್ಟು ದೊಡ್ಡ ಹಾಳೆಯ ಪದರ ಬಿಡಿಸಲು ಅಷ್ಟೇ ಸಾಕು!

ಆದರೆ ಬಿರುಕು ಉದ್ದವಾದಂತೆ ಆ ಅಂಕಿ ಏರುತ್ತಾ ಹೋಯಿತು. ಜೊತೆಯ ಹುಡುಗನೊಬ್ಬ, "ಒಳ್ಳೆಯದೇ ಆಯಿತು, ದೊಡ್ಡದನ್ನೇ ಬರೆ" ಎಂದ. ಅವಳು ಬರೆಯಲಿಲ್ಲ. ಭೂತಗನ್ನಡಿ ತಂದು ಬಿರುಕಿನೊಳಗೆ ನನಗೆ ತೋರಿಸಿದಳು. ಕಬ್ಬಿನ ಸಿಪ್ಪೆ ಸೀಳುವಾಗ ನಾರು ಈ ಕಡೆಯಿಂದ ಆ ಕಡೆ ಹಿಡಿದುಕೊಂಡಿರುತ್ತದಲ್ಲ, ಹಾಗೆ ಕೆಲವು ಎಳೆಗಳು ಸೇತುವೆಯಂತೆ ನಿಂತು ಬಿರುಕನ್ನು ತಡೆದಿದ್ದವು. ಈ ಪಟ್ಟಿಯಲ್ಲಿ ಎಳೆಗಳೆಲ್ಲ ಒಂದೇ ದಿಕ್ಕಿಗಿದ್ದವು. ರೆಕ್ಕೆಯಲ್ಲಿ ಪದರಗಳು ಬೇರೆ ಬೇರೆ ದಿಕ್ಕಿಗಿರುತ್ತವೆ, ಅಲ್ಲಿ ಈ ಸಹಾಯವನ್ನು ನಂಬುವಂತಿಲ್ಲ. ಆದ್ದರಿಂದ ಬಿರುಕು ಹೊರಡುವಾಗಿನ ಚಿಕ್ಕ ಅಂಕಿಯನ್ನೇ ಲೆಕ್ಕಕ್ಕೆ ಹಿಡಿದಳು.

ನನಗೆ ಬಹಳ ಸಂತೋಷವಾಯಿತು. ಬ್ಯಾಂಕಿನಲ್ಲಿ ಸಂಜೆ ನಗದು ಎಣಿಸುವಾಗ ನೂರು ರೂಪಾಯಿ ಕಡಿಮೆ ಬಂದರೆ ಹೇಗೆ ಹುಡುಕುತ್ತಿದ್ದೆವೋ, ಹೆಚ್ಚು ಬಂದರೂ ಹಾಗೆಯೇ ಹುಡುಕುತ್ತಿದ್ದೆವು. ಹೆಚ್ಚು ಬಂತೆಂದರೆ ಅದು ಯಾರದ್ದೋ ದುಡ್ಡು.

ಆ ಚಿಕ್ಕ ಅಂಕಿ ಮುಂದೆ ಕಂಪ್ಯೂಟರಿಗೆ ಹೋಗುತ್ತದೆ. ಪ್ರತಿ ಸಲ ಇಡೀ ರೆಕ್ಕೆ ಮುರಿದು ನೋಡಲಾಗದು. ಆದ್ದರಿಂದ ಕಂಪ್ಯೂಟರಿನಲ್ಲಿ ರೆಕ್ಕೆಯ ಮಾದರಿ ಕಟ್ಟಿ, ಅದನ್ನು ಸಾವಿರಾರು ಪುಟ್ಟ ತುಂಡುಗಳಾಗಿ ವಿಂಗಡಿಸಿ, ಪದರಗಳ ನಡುವೆ ಲೆಕ್ಕದ ಅಂಟು ಹಾಕುತ್ತಾರೆ. ಪ್ರತಿ ಚೂರು ಅಂಟಿಗೂ ಒಂದು ಖಾತೆ. ಪಟ್ಟಿ ಸೀಳಿ ಕಂಡುಕೊಂಡಷ್ಟು ಶಕ್ತಿ ಅಲ್ಲಿ ಖರ್ಚಾದರೆ ಆ ಖಾತೆ ಮುಕ್ತಾಯ, ಬಿರುಕು ಮುಂದಿನ ಚೂರಿಗೆ. ಹೀಗೆ ಬಂದ ಲೆಕ್ಕವನ್ನು ಚಿಕ್ಕ ಭಾಗ, ದೊಡ್ಡ ಭಾಗ, ಕೊನೆಗೆ ಇಡೀ ವಿಮಾನದ ಪರೀಕ್ಷೆಯೊಂದಿಗೆ ತಾಳೆ ನೋಡುತ್ತಾರೆ. ಮಾದರಿ ಎಂದರೆ ಪುಸ್ತಕದ ಬಾಕಿ, ಪರೀಕ್ಷೆ ಎಂದರೆ ಕೈಯಲ್ಲಿರುವ ನಗದು.

ತಾಳೆಯಾಗದಿದ್ದರೆ? ತೂಕದಲ್ಲಿ ಅರ್ಧದಷ್ಟು ಇಂತಹ ವಸ್ತುವಿನಿಂದಾದ ಬೋಯಿಂಗ್ 787 ವಿಮಾನ 2009ರ ಜೂನ್‌ನಲ್ಲಿ ಇನ್ನೇನು ಮೊದಲ ಸಲ ಹಾರಬೇಕಿತ್ತು. ನೆಲದ ಮೇಲಿನ ಪರೀಕ್ಷೆಯಲ್ಲಿ, ರೆಕ್ಕೆ ಒಡಲಿಗೆ ಸೇರುವ ಕಡೆ ಕಂಪ್ಯೂಟರ್ ಹೇಳಿದ್ದಕ್ಕಿಂತ ಹೆಚ್ಚು ಒತ್ತಡ ಕಂಡುಬಂತು. ಜಗತ್ತೆಲ್ಲ ಕಾಯುತ್ತಿದ್ದರೂ ಹಾರಾಟ ನಿಲ್ಲಿಸಿದರು. ಆ ಜಾಗಗಳನ್ನು ಬಲಪಡಿಸಿ, ಮತ್ತೆ ಪರೀಕ್ಷಿಸಿ, ಡಿಸೆಂಬರ್ 15ರಂದು ಹಾರಿಸಿದರು. 2010ರ ಮಾರ್ಚ್ 28ರಂದು, ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ಹೇರಿದಾಗ ರೆಕ್ಕೆ ಸುಮಾರು 25 ಅಡಿ ಮೇಲಕ್ಕೆ ಬಾಗಿತು. ಮುರಿಯಲಿಲ್ಲ.

ಮಕ್ಕಳೇ, ನಿಮ್ಮ ಬಚ್ಚಲುಮನೆಗೆ ಹಳೆಯ ಪ್ಲೈವುಡ್ ಬಾಗಿಲಿದ್ದರೆ, ಒಂದು ನಾಣ್ಯ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತಾ ಬನ್ನಿ. ನೀರು ಬಿದ್ದು ಪದರ ಬಿಟ್ಟಿರುವ ಕಡೆ ಸದ್ದು ಬದಲಾಗುತ್ತದೆ. ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ ಅಜ್ಜನನ್ನು ಕರೆದು ತೋರಿಸಿ. ಅಜ್ಜನ ಕಿವಿಗೆ ಕೇಳಿಸದಿದ್ದರೆ, ಅವರ ಬೆರಳನ್ನು ಅಲ್ಲಿಟ್ಟು ಇನ್ನೊಮ್ಮೆ ತಟ್ಟಿ.