ಮೂರನೇ ಸಲಕ್ಕೆ ಕುದುರಿದ ಹಾಡು

‘ಟ್ವಿಸ್ಟ್ ಅಂಡ್ ಶೌಟ್’ ಬೀಟಲ್ಸ್ ಹಾಡು ಅಂತಲೇ ಬಹಳ ಜನರ ಲೆಕ್ಕ. ಅಸಲಿಗೆ ಅದನ್ನು ಮೊದಲು ರೆಕಾರ್ಡ್ ಮಾಡಿದ್ದು ಅಮೆರಿಕದ ಟಾಪ್ ನೋಟ್ಸ್ ತಂಡ, 1961ರಲ್ಲಿ. ನಿರ್ಮಾಪಕ ಫಿಲ್ ಸ್ಪೆಕ್ಟರ್, ಆಗಿನ್ನೂ ಮೀಸೆ ಚಿಗುರುವ ವಯಸ್ಸು. ರೆಕಾರ್ಡು ಮಕಾಡೆ ಮಲಗಿತು. ಈಗ ಕೇಳಿದರೂ ಉಪ್ಪು ಮರೆತ ಸಾರಿನ ಹಾಗಿದೆ.

ಹಾಡು ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಬರ್ಟ್ ಬರ್ನ್ಸ್‌ಗೆ ಇದು ಸಹಿಸಲಾಗಲಿಲ್ಲ. 1962ರಲ್ಲಿ ತಾನೇ ಮುಂದೆ ನಿಂತು ಐಸ್ಲೀ ಬ್ರದರ್ಸ್ ಕೈಲಿ ಹಾಡಿಸಿದ. ಲ್ಯಾಟಿನ್ ಕುಣಿತದ ಲಯ, ಮೆಟ್ಟಿಲು ಹತ್ತಿದಂತೆ ಒಬ್ಬರ ಮೇಲೊಬ್ಬರು ಏರಿಸುವ ದನಿ. ಹಾಡು ಅಮೆರಿಕದ ಟಾಪ್ 20ರೊಳಗೆ ನುಗ್ಗಿತು. ಲಿವರ್‌ಪೂಲ್ ಹುಡುಗರು, ಅಂದರೆ ಬೀಟಲ್ಸ್, ಹಿಡಿದುಕೊಂಡಿದ್ದು ಇದನ್ನೇ.

1963ರ ಫೆಬ್ರವರಿ 11, ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊ. ಒಂದೇ ದಿನದಲ್ಲಿ ಹತ್ತು ಹಾಡು ಮುಗಿಸುವ ಧಾವಂತ. ತಂಡದ ಗಾಯಕ ಜಾನ್ ಲೆನನ್‌ಗೆ ಬೆಳಗಿನಿಂದ ನೆಗಡಿ. ಗಂಟಲಿಗೆ ಚೀಪುವ ಗುಳಿಗೆ, ಒಂದಿಷ್ಟು ಹಾಲು. ಈ ಹಾಡನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು, ಯಾಕೆಂದರೆ ಹಾಡಿದ ಮೇಲೆ ಗಂಟಲು ಉಳಿಯುವ ಭರವಸೆ ಇರಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಲೆನನ್ ಅರಚಿದ. ಅರಚಿದ ಅನ್ನೋದೇ ಸರಿ. ಇನ್ನೊಮ್ಮೆ ನೋಡೋಣ ಅಂದರೆ ದನಿಯೇ ಇಲ್ಲ!

ಹೀಗಾಗಿ ಜಗತ್ತು ಕೇಳಿದ್ದು ಆ ಮೊದಲ ಟೇಕನ್ನೇ. ತಮಾಷೆ ಅಂದರೆ, ಇನ್ನೂ ಚೆನ್ನಾಗಿ ಹಾಡಬಹುದಿತ್ತು ಅಂತ ಲೆನನ್‌ಗೆ ಆ ರೆಕಾರ್ಡಿನ ಬಗ್ಗೆ ಬಹಳ ಕಾಲ ನಾಚಿಕೆಯಿತ್ತು.