ಕೊನೆಯ ಎರಡು ಫೋಟೊ ಮನೆಗೆ

ಹಾವೇರಿ ಕಡೆಯ ಕುಸ್ತಿ ಕಣ, ಕೊಬ್ಬರಿ ಹೋರಿ ಓಟ, ಕಬಡ್ಡಿ ಪಂದ್ಯ ನೋಡಿದವರಿಗೆ ನಮ್ಮ ಫೋಟೊ ಕಾಕಾ ಗೊತ್ತಿರಬೇಕು. ಹೋದ ತಿಂಗಳು ತೀರಿಕೊಂಡರು. ಹೆಸರು ಹಾಕಿ ಬರೆಯುತ್ತೇವೆ ಎಂದಾಗ ಕಾಕಿ ಬೇಡವೆಂದರು. "ಅಷ್ಟು ವರ್ಷ ಫೋಟೊ ಕೊಟ್ರೂ ಪೇಪರ್‌ನ್ಯಾಗ ಅವರ ಹೆಸರು ಬರಲಿಲ್ಲ. ಈಗ್ಯಾಕಪಾ?"

ನಾವು ಮೂವರು ವರದಿಗಾರರು ಕ್ಯಾಮೆರಾ ಹಿಡಿಯಲು ಕಲಿತದ್ದು ಕಾಕಾನಿಂದ. "ಪೈಲವಾನ ಬಿದ್ದ ಮ್ಯಾಲ ಒತ್ತಿದ್ರ ಏನ್ ಸಿಗತೈತಿ? ಬೀಳೂಕಿಂತ ಮೊದಲ ಒತ್ತಬೇಕು" ಅನ್ನುತ್ತಿದ್ದರು. ಕುಸ್ತಿ ಮುಗಿದ ಕೂಡಲೇ ಮಾತ್ರ ಅವರು ಅಲ್ಲಿ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕರೆದರೂ ಇಲ್ಲ, ಸನ್ಮಾನಕ್ಕೆ ಕರೆದರೂ ಇಲ್ಲ. "ಕಾಕಿ ಅಂಜಿಕಿ ಏನ್ರಿ ಕಾಕಾ?" ಎಂದು ನಾವು ಚೇಷ್ಟೆ ಮಾಡಿದರೆ, "ಮಕ್ಕಳು ಎದ್ದಿರತಾವು. ಇನ್ನ ಎರಡು ಫೋಟೊ ಬಾಕಿ ಅದಾವ" ಅನ್ನುತ್ತಿದ್ದರು. ಯಾರದೋ ಮದುವೆಯ ಆರ್ಡರ್ ಇರಬೇಕು ಎಂದುಕೊಂಡಿದ್ದೆವು.

ಮಣ್ಣಿಗೆ ಹೋಗಿ ಬಂದ ಮೇಲೆ ಕಾಕಿ ಅಟ್ಟದಿಂದ ಒಂದು ಟ್ರಂಕ್ ಇಳಿಸಿದರು. ತುಂಬ ನೆಗೆಟಿವ್. ಕಿಟಕಿ ಬೆಳಕಿಗೆ ಹಿಡಿದು ನೋಡಿದಾಗ ಆ ಬಾಕಿ ಏನೆಂದು ತಿಳಿಯಿತು.

1997ರಲ್ಲಿ ಹಾವೇರಿ ಜಿಲ್ಲೆಯಾಗುವ ಮೊದಲಿನ ಕಾಲ ಅದು. ಒಂದು ರೀಲಿಗೆ 36 ಫೋಟೊ. ಕಾಕಾ ಪಂದ್ಯಕ್ಕೆ 34 ಬಳಸಿ ಎರಡನ್ನು ಮನೆಗೆ ಉಳಿಸುತ್ತಿದ್ದರು. ಮನೆಗೆ ಬಂದು ಆ ಎರಡು ತೆಗೆದು, ಬಚ್ಚಲುಮನೆಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿ, ರೀಲು ತೊಳೆದು, ಪ್ರಿಂಟ್ ಹಾಕಿ, ಹುಬ್ಬಳ್ಳಿಯ ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಲಕೋಟೆ ಕೊಡುತ್ತಿದ್ದರು.

ಹಾಗಾಗಿ ಪ್ರತಿ ರೀಲಿನ ತುದಿಯಲ್ಲಿ ಮನೆಯಿದೆ. ಗಾಳಿಯಲ್ಲಿರುವ ಪೈಲವಾನನ ಪಕ್ಕದಲ್ಲೇ ನಿದ್ದೆಗಣ್ಣಿನ ಮಗಳು. ಜನರ ನಡುವೆ ಜಿಗಿಯುವ ಹೋರಿಯ ಪಕ್ಕದಲ್ಲಿ ಒಲೆಯ ಮುಂದೆ ಸೆರಗಿನಿಂದ ಮುಖ ಮುಚ್ಚಿಕೊಂಡ ಕಾಕಿ. ಒಂದೊಂದೇ ರೀಲು ನೋಡುತ್ತ ಹೋದರೆ ಆ ಮಗಳು ಫ್ರಾಕಿನಿಂದ ಶಾಲೆಯ ಸಮವಸ್ತ್ರಕ್ಕೆ, ಅಲ್ಲಿಂದ ಸೀರೆಗೆ ಬರುತ್ತಾಳೆ.

ನಾವು ಸುಮ್ಮನೆ ಕೂತೆವು. ನಮ್ಮ ಫೋನಿನಲ್ಲಿ ದಿನಕ್ಕೆ ನೂರಾರು ಫೋಟೊ. ಮನೆ ಸೇರುವಾಗ ಮಕ್ಕಳು ಮಲಗಿರುತ್ತವೆ. ಕಾಕಾನಿಂದ ನಾವು ಕಲಿತದ್ದು ಅರ್ಧ ಮಾತ್ರ.

ಟ್ರಂಕಿನ ತಳದ ನೆಗೆಟಿವ್‌ಗಳು ಮಳೆನೀರಿಗೆ ಒಂದಕ್ಕೊಂದು ಅಂಟಿ ಹೋಗಿವೆ. ನಿಮ್ಮ ಅಟ್ಟದಲ್ಲೂ ಇದ್ದರೆ ಇಂದೇ ಇಳಿಸಿ. ಅಂಟಿದ್ದನ್ನು ಎಳೆಯಬೇಡಿ. ಚೆನ್ನಾಗಿರುವುದನ್ನು ಅಂಚು ಹಿಡಿದು ಎತ್ತಿ, ಒಂದು ಫೋನಿನ ಬಿಳಿ ಪರದೆಯಿಂದ ತುಸು ಮೇಲೆ ಹಿಡಿದು, ಇನ್ನೊಂದು ಫೋನಿನಿಂದ ಫೋಟೊ ತೆಗೆಯಿರಿ. ಬಣ್ಣ ತಿರುವುಮುರುವು ಮಾಡುವ ಆ್ಯಪ್‌ನಲ್ಲಿ ಹಾಕಿದರೆ ಮುಖಗಳು ಕಾಣುತ್ತವೆ.

ನಿಧನ ಸುದ್ದಿಗೆ ಕಾಕಾನ ಫೋಟೊ ಬೇಕೆಂದು ಕಚೇರಿಯವರು ಕೇಳಿದ್ದರು. ಟ್ರಂಕಿನಲ್ಲಿ ಸಿಕ್ಕಿದ್ದು ಒಂದೇ. ಮಗಳು ಚಿಕ್ಕವಳಿದ್ದಾಗ ಕ್ಯಾಮೆರಾ ಕಸಿದುಕೊಂಡು ತೆಗೆದದ್ದು, 36ನೆಯದು. ಅಲುಗಾಡಿದೆ, ಹಣೆಯ ಮೇಲ್ಭಾಗ ಕತ್ತರಿಸಿದೆ, ಕಾಕಾ ಬಾಯ್ತುಂಬ ನಗುತ್ತಿದ್ದಾರೆ. ಸ್ಪಷ್ಟವಿಲ್ಲ ಎಂದು ನಾಲ್ಕು ಸಾಲಿನ ಸುದ್ದಿಯನ್ನು ಫೋಟೊ ಇಲ್ಲದೆ ಹಾಕಿದರು.

ಮಗಳು ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾರೆ.